ಅಯ್ಯ

ಹಟ್ಟಿಯಲ್ಲಿ ನಾವು ತಂದೆಯನ್ನು ಕರೆಯೋದು ‘ಅಯ್ಯ’ ಅಂತ. ಜಮೀನ್ದಾರರ ಅಂಗಳದಲ್ಲಿ ಕೈಕಟ್ಟಿ ನಿಂತ ನಮ್ಮಯ್ಯ ಅವರನ್ನೂ ‘ಅಯ್ಯಾ’ ಅನ್ನುತ್ತಿದ್ದ. ಹಂಗಾದ್ರೆ ಇವರೂ ನಮ್ಗೆ ನೆಂಟರಾ ಅಂತ ಕೇಳಿದೆವು. ಅವ್ವ ಬಾಯಿ ಮುಚ್ಚಿದಳು. ಆ ಮನೆಯ ಏಳು ವರ್ಷದ ಹುಡುಗ ಮಾತ್ರ ನಮ್ಮಯ್ಯನನ್ನು ಹೆಸರು ಹಿಡಿದು ‘ಬಾರ್ಲಾ’ ಅಂತಿದ್ದ.

ಕಾಲೇಜಿನಲ್ಲಿ ಕಿಟೆಲ್ಲರ ನಿಘಂಟು ತೆಗೆದೆವು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು. ಅಯ್ಯ ಎಂದರೆ ತಂದೆ, ಅಜ್ಜ, ಒಡೆಯ, ಗುರು. ಸಂಸ್ಕೃತದ ‘ಆರ್ಯ’ವೇ ಪ್ರಾಕೃತದ ದಾರಿ ಹಿಡಿದು ಅಯ್ಯ ಆಯಿತು ಅಂತ ಕೆಲವು ಪಂಡಿತರು. ಅಲ್ಲ, ತಮಿಳು ತೆಲುಗಲ್ಲೂ ಇರುವ ದ್ರಾವಿಡ ಮಾತು ಅಂತ ಇನ್ನು ಕೆಲವರು. ಬೇರು ಅವರು ಹುಡುಕಲಿ. ನಮ್ಮ ಪ್ರಶ್ನೆ ಬೇರೆ: ತಂದೆಯೂ ಒಡೆಯನೂ ಒಂದೇ ಮಾತಿನಲ್ಲಿ ಹೆಂಗೆ ಕೂತರು? 12ನೇ ಶತಮಾನದ ಬಸವಣ್ಣ ಮಾದಾರ ಚೆನ್ನಯ್ಯನನ್ನೇ ಅಪ್ಪ ಅಂದ. ಆ ಹೆಸರಲ್ಲೂ ಅಯ್ಯ ಇದ್ದಾನೆ.

ಮೊನ್ನೆ ಕಛೇರಿಯೊಂದರಲ್ಲಿ ನಮ್ಮಯ್ಯ ಗುಮಾಸ್ತನೆದುರು ನಿಂತೇ ಇದ್ದ. ‘ಅಯ್ಯಾ, ಬಾ, ಕುರ್ಚಿ ಮೇಲೆ ಕೂತ್ಕೊ’ ಅಂದೆವು. ಗುಮಾಸ್ತ ತಲೆ ಎತ್ತಿದ. ನಾವು ಕರೆದದ್ದು ಅವನನ್ನಲ್ಲ.

ನಮ್ಮಯ್ಯ ಸುತ್ತ ನೋಡಿದ. ಆಮೇಲೆ ಕೂತ.