ಉತ್ತಮ ದಾಳಿಗಾರ

ಎಷ್ಟು ವಾದಿಸಿದರೂ ತೀರದ ಪ್ರಶ್ನೆಗಳು ಪ್ರತಿಯೊಂದು ಊರಿಗೂ ಒಂದೆರಡು ಇದ್ದೇ ಇರುತ್ತವೆ. ಪಂಪ ದೊಡ್ಡವನೋ ಕುಮಾರವ್ಯಾಸ ದೊಡ್ಡವನೋ ಎಂಬುದು ನನ್ನ ಕಸುಬಿಗೆ ಸೇರಿದ ಪ್ರಶ್ನೆ. ಹದಿನೆಂಟು ವರ್ಷಗಳಿಂದ ತರಗತಿಯಲ್ಲಿ ಅದನ್ನು ಎತ್ತುತ್ತಲೇ ಬಂದಿದ್ದೇನೆ. ಇದುವರೆಗೆ ಇಬ್ಬರು ಕವಿಗಳಿಗೂ ಅದರಿಂದ ಯಾವ ನಷ್ಟವೂ ಆದಂತೆ ಕಾಣೆ. ಗುತ್ತಲಿನ ಪ್ರಶ್ನೆ ಅಷ್ಟು ನಿರಪಾಯಕರವಾದುದಲ್ಲ. ಅದರಲ್ಲಿ ಒಬ್ಬ ಹುಡುಗನ ಅನ್ನದ ಮಾತು ಸೇರಿಕೊಂಡಿದೆ. ಪ್ರಶ್ನೆ ಇಷ್ಟೆ: ಕಬಡ್ಡಿಯಲ್ಲಿ ಒಳ್ಳೆಯ ದಾಳಿಗಾರನೆಂದು ಯಾರನ್ನು ಕರೆಯಬೇಕು?

ಗುತ್ತಲು ಈಗ ಹೆಸರಿಗೆ ಮಾತ್ರ ಬೇರೆ. ಮಂಡ್ಯ ನಗರ ಬೆಳೆದು ಅದನ್ನು ತನ್ನ ಹೊಟ್ಟೆಯೊಳಗೆ ಹಾಕಿಕೊಂಡಿದೆ. ಅರಕೇಶ್ವರನ ಗುಡಿ, ಅದಕ್ಕೆ ನಡೆದುಕೊಳ್ಳುವ ಒಕ್ಕಲು, ಸಂಜೆಯ ಹೊತ್ತಿಗೆ ಟೀ ಅಂಗಡಿಯ ಮುಂದೆ ಕೂಡುವ ಜನ, ಇವು ಮಾತ್ರ ಊರು ಊರಾಗಿದ್ದ ಕಾಲದ ಗುರುತಾಗಿ ಉಳಿದಿವೆ. ಈ ಸೀಮೆಯಲ್ಲಿ ಕಬ್ಬು ಹೇಗೋ ಕಬಡ್ಡಿಯೂ ಹಾಗೆಯೇ. ನೀರು ನಿಂತ ಕಡೆ ಅದು, ನೆಲ ಸಮವಾಗಿದ್ದ ಕಡೆ ಇದು. ರಾಜ್ಯೋತ್ಸವ ಬರಲಿ, ಗಣೇಶ ಬರಲಿ, ಗೋಡೆಗಳ ಮೇಲೆ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ ಎಂಬ ಬಣ್ಣದ ಕಾಗದ ಅಂಟಿಕೊಳ್ಳುತ್ತದೆ. ಹೊನಲು ಎಂದರೆ ಹೊಳೆ, ಪ್ರವಾಹ. ಇಂಗ್ಲಿಷಿನ ಫ್ಲಡ್‌ಲೈಟ್ ಎಂಬ ಒಣಪದಕ್ಕೆ ಇಷ್ಟು ಚೆಲುವಾದ ಕನ್ನಡವನ್ನು ಯಾವ ಪುಣ್ಯಾತ್ಮ ಕೊಟ್ಟನೋ ತಿಳಿಯದು. ನಮ್ಮ ಪಾರಿಭಾಷಿಕ ಪದಕೋಶಗಳನ್ನು ಸಿದ್ಧಪಡಿಸುವ ವಿದ್ವಾಂಸರು ಒಮ್ಮೆ ಮಂಡ್ಯದ ಗೋಡೆಗಳನ್ನು ಓದಿಕೊಂಡು ಹೋಗಬೇಕು.

ಇಂಥ ಒಂದು ಪಂದ್ಯಾವಳಿಗೆ ನಮ್ಮ ಕಾಲೇಜಿನ ಹುಡುಗರು ಹೋಗಿ ಗೆದ್ದು ಬಂದರು. ಕನ್ನಡ ಅಧ್ಯಾಪಕನಾದವನಿಗೆ ಬಹುಮಾನ ವಿತರಣೆಯ ವೇದಿಕೆ ತಪ್ಪದು, ನಾನೂ ಅಲ್ಲಿದ್ದೆ. ಕೊನೆಯ ಪಂದ್ಯದಲ್ಲಿ ನಮ್ಮ ತಂಡದ ಇಬ್ಬರು ದಾಳಿಗಾರರ ಪೈಕಿ ಒಬ್ಬನಿಗೆ ಎಂಟು ಅಂಕ, ಇನ್ನೊಬ್ಬನಿಗೆ ನಾಲ್ಕು. ಎಂಟರವನಿಗೆ ‘ಉತ್ತಮ ದಾಳಿಗಾರ’ ಎಂಬ ಬೆಳ್ಳಿ ಬಣ್ಣದ ಬಟ್ಟಲು ಬಂತು. ನಾಲ್ಕರವನು ಚಪ್ಪಾಳೆ ತಟ್ಟಿದ. ಇದರಲ್ಲಿ ಅನ್ಯಾಯವೇನೂ ಇಲ್ಲ. ಲೆಕ್ಕ ಬರೆದವನು ಸರಿಯಾಗಿಯೇ ಬರೆದಿದ್ದ. ಆದರೆ ಮರುದಿನ ಸಂಜೆ ಟೀ ಅಂಗಡಿಯಲ್ಲಿ, ಬಹಳ ಹಿಂದೆ ನಿವೃತ್ತರಾದ ನಮ್ಮೂರಿನ ಡ್ರಿಲ್ ಮೇಷ್ಟ್ರು ಲೋಟ ಕೆಳಗಿಟ್ಟು, “ಕಪ್ ತಪ್ಪು ಕೈಗೆ ಹೋಯ್ತು ಕಣ್ರೀ” ಎಂದುಬಿಟ್ಟರು. ಅಂದಿನಿಂದ ಜಗಳ.

ಪೇಟೆಯ ಓದುಗರಿಗಾಗಿ ಆಟದ ಒಂದು ಸೂಕ್ಷ್ಮವನ್ನು ಇಲ್ಲಿ ಬಿಡಿಸಿ ಹೇಳಬೇಕು. ಎದುರಾಳಿಯ ಅಂಕಣಕ್ಕೆ ಉಸಿರು ಕಟ್ಟಿ ಹೋದವನು ಒಬ್ಬನನ್ನು ಮುಟ್ಟಿ ಬಂದರೆ ಒಂದು ಅಂಕ. ಮುಟ್ಟಿಸಿಕೊಂಡವನು ಹೊರಕ್ಕೆ ಹೋಗುತ್ತಾನೆ. ಅಷ್ಟೇ ಅಲ್ಲ, ಮೊದಲೇ ಔಟಾಗಿ ಹೊರಗೆ ಕುಳಿತಿದ್ದ ನಮ್ಮವನೊಬ್ಬ ಎದ್ದು ಒಳಕ್ಕೆ ಬರುತ್ತಾನೆ. ಮೊದಲು ಸತ್ತವನಿಗೆ ಮೊದಲು ಜೀವ. ಗೋಲು ಹೊಡೆದರೆ, ರನ್ನು ಗಳಿಸಿದರೆ, ಬುಟ್ಟಿಗೆ ಚೆಂಡು ಹಾಕಿದರೆ ಲೆಕ್ಕ ಏರುತ್ತದೆಯೇ ಹೊರತು ಯಾರೂ ಬದುಕುವುದಿಲ್ಲ. ಕಬಡ್ಡಿಯಲ್ಲಿ ಮಾತ್ರ ಅಂಕವೆಂದರೆ ಒಂದು ಜೀವ. ಇನ್ನು ಬೋನಸ್ ಎಂಬುದೊಂದಿದೆ. ನಡುಗೆರೆಯಿಂದ ಮೂರು ಮುಕ್ಕಾಲು ಮೀಟರಿಗೆ ಒಂದು ಗೆರೆ, ಅದರಾಚೆ ಒಂದು ಮೀಟರಿಗೆ ಇನ್ನೊಂದು. ಎದುರಿಗೆ ಆರು ಅಥವಾ ಏಳು ಮಂದಿ ಇರುವಾಗ ಆ ದೂರದ ಗೆರೆಯನ್ನು ಒಂದು ಕಾಲಿನಿಂದ ದಾಟಿ, ಇನ್ನೊಂದು ಕಾಲನ್ನು ಗಾಳಿಯಲ್ಲಿಟ್ಟರೆ ಒಂದು ಅಂಕ. ಚಾಕಚಕ್ಯದ ಕೆಲಸವೇ, ಸಂದೇಹವಿಲ್ಲ. ಆದರೆ ಬೋನಸಿನಿಂದ ಎದುರಾಳಿ ಯಾರೂ ಹೊರಗೆ ಹೋಗುವುದಿಲ್ಲ, ನಮ್ಮವರು ಯಾರೂ ಒಳಗೆ ಬರುವುದಿಲ್ಲ. ಪಟ್ಟಿಯಲ್ಲಿ ಮಾತ್ರ ಅದೂ ಒಂದು, ಇದೂ ಒಂದು.

ಎಂಟರವನ ಅಂಕಗಳಲ್ಲಿ ಐದು ಬೋನಸ್. ನಾಲ್ಕರವನ ನಾಲ್ಕೂ ಮುಟ್ಟಿ ತಂದದ್ದು. ಡ್ರಿಲ್ ಮೇಷ್ಟ್ರ ವಾದದ ಮೂಲಬಂಡವಾಳ ಇದು.

ಅವರು ಕಟ್ಟಿದ ಚಿತ್ರವನ್ನು ಅವರ ಮಾತಿನಲ್ಲಿಯೇ ಹೇಳಬೇಕು. “ಮೇಷ್ಟ್ರೇ, ನೀವು ವೇದಿಕೆ ಮೇಲೆ ಕೂತು ಹಾರ ಸರಿ ಮಾಡ್ಕೊತಿದ್ರಿ, ನೋಡಿರಲಾರಿರಿ. ನಾಲ್ಕು ನಿಮಿಷ ಉಳಿದಿತ್ತು. ನಮ್ಮೋರು ಎರಡಂಕ ಮುಂದೆ. ಆದ್ರೆ ಒಳಗಿದ್ದೋರು ಇಬ್ಬರೇ. ಅವರಿಬ್ಬರೂ ಬಿದ್ದಿದ್ರೆ ಲೋನಾ, ಮೇಲೆ ಎರಡಂಕ, ಆಟ ಮುಗೀತು. ಆ ಬಟ್ಲು ತಗಂಡ ಹುಡುಗ ಎಲ್ಲಿದ್ದ? ಬೋನಸ್ ಆಸೆಗೆ ಹೋಗಿ ಸಿಕ್ಕಾಕ್ಕೊಂಡು ಹೊರಗೆ ಕೂತಿದ್ದ. ಈ ಹುಡುಗ ಒಳಕ್ಕೆ ಹೋದ. ಮೂವತ್ತು ಸೆಕೆಂಡು ಯಾರಿಗೂ ಸಿಕ್ಕದೆ ನಿಂತು ಬರಿಗೈಲಿ ಬಂದ. ಮತ್ತೆ ಹೋದ, ಮತ್ತೆ ಬರಿಗೈ. ನಿಮ್ಮ ಪಟ್ಟೀಲಿ ಇದಕ್ಕೆ ಏನು ಬರೀತಾರೆ? ಸೊನ್ನೆ! ಒಂದು ನಿಮಿಷ ಆಟಾನ ನುಂಗಿ ನೀರು ಕುಡಿದವನಿಗೆ ಸೊನ್ನೆ! ಮೂರನೇದು ಮಾಡು ಇಲ್ಲ ಮಡಿ. ಎಡಗಡೆ ಮೂಲೆಯವನ ಹರಡಿಗೆ ಬೆರಳು ತಾಗಿಸಿ ಬಂದ. ಆಗ ಎದ್ದು ಒಳಗೆ ಬಂದವನು ಯಾರು ಅಂತ ಕೇಳಿ.”

ನಾನು ಕೇಳಿದೆ.

“ಬಟ್ಲು ತಗಂಡನಲ್ಲ, ಅವನೇ!”

ಇಷ್ಟಕ್ಕೆ ಸುಮ್ಮನಾಗುವ ಜನವಲ್ಲ ಗುತ್ತಲಿನವರು. ಟೀ ಅಂಗಡಿಯ ಹುಡುಗ ಪ್ರೊ ಕಬಡ್ಡಿ ಶುರುವಾದ 2014ರಿಂದ ಇಂದಿನವರೆಗೆ ಯಾರು ಎಷ್ಟು ತಂದರೆಂಬುದನ್ನು ಮೊಬೈಲಿನಲ್ಲಿ ಒತ್ತಿ ಒತ್ತಿ ಬಾಯಿಪಾಠ ಮಾಡಿಕೊಂಡಿದ್ದಾನೆ. ನನ್ನ ವಿದ್ಯಾರ್ಥಿಗಳು ಹಳಗನ್ನಡದ ವಿಭಕ್ತಿ ಪ್ರತ್ಯಯಗಳನ್ನು ಅದರ ಕಾಲುಭಾಗದಷ್ಟು ಶ್ರದ್ಧೆಯಿಂದ ಕಲಿತಿದ್ದರೆ ನನ್ನ ಜನ್ಮ ಸಾರ್ಥಕವಾಗುತ್ತಿತ್ತು. “ಬುಡಿ ಸಾ, ಅಂಕ ಅಂದ್ರೆ ಅಂಕ” ಎಂದ ಅವನು. “2017ರಲ್ಲಿ ಪರ್ದೀಪ್ ನರ್ವಾಲ್ ಒಂದೇ ಸೀಜನ್‌ನಲ್ಲಿ 369 ತಂದ, ಪಾಟ್ನಾ ಕಪ್ ಎತ್ತಿತು. 2019ರ ಜನವರಿ ಫೈನಲ್‌ನಲ್ಲಿ ನಮ್ಮ ಬೆಂಗಳೂರು ಬುಲ್ಸ್ 38, ಗುಜರಾತ್ 33. ಆ 38ರಲ್ಲಿ ಪವನ್ ಸೆಹ್ರಾವತ್ ಒಬ್ಬನೇ 22. ಮಿಕ್ಕಿದ್ದೆಲ್ಲ ಸೇರಿ 16! ಈಗ ಹೇಳಿ, ಅಂಕ ತರದೋನು ಎಂಗೆ ದೊಡ್ಡೋನಾಗ್ತಾನೆ?”

ಈ ಮಾತಿಗೆ ಎದುರು ಹೇಳುವುದು ಸುಲಭವಲ್ಲ. ಆ ಇಪ್ಪತ್ತೆರಡು ಅಂಕವಿಲ್ಲದಿದ್ದರೆ ಬೆಂಗಳೂರಿಗೆ ಅಂದು ಕಪ್ಪಿರಲಿಲ್ಲ. ಅಂಕವನ್ನು ಹೀಗಳೆಯುವುದು ಅಂಕ ತರಲಾರದವರ ಹಳೆಯ ಅಭ್ಯಾಸವೆಂಬುದನ್ನೂ ಮರೆಯಬಾರದು. ಪರೀಕ್ಷೆಯ ವಿಷಯದಲ್ಲಿ ಇದನ್ನು ನಾನು ದಿನವೂ ನೋಡುತ್ತೇನೆ. ಆದರೆ ಅದೇ 2019ರ ಅಕ್ಟೋಬರಿನಲ್ಲಿ ಇನ್ನೊಂದು ಫೈನಲ್ ಆಯಿತು. ಡೆಲ್ಲಿ ತಂಡದ ನವೀನ್ ಕುಮಾರ್ ಒಬ್ಬನೇ 18 ಅಂಕ ತಂದ. ಎದುರಿಗಿದ್ದ ಬಂಗಾಳದ ನಾಯಕ, ದಾಳಿಯಲ್ಲಿ ಆ ತಂಡದ ಬೆನ್ನೆಲುಬಾಗಿದ್ದ ಮಣಿಂದರ್ ಸಿಂಗ್, ಗಾಯಗೊಂಡು ಅಂಕಣಕ್ಕೇ ಇಳಿದಿರಲಿಲ್ಲ. ಆದರೂ ಗೆದ್ದದ್ದು ಬಂಗಾಳ, 39ಕ್ಕೆ 34. ಇರಾನಿನ ನಬೀಬಕ್ಷ್, ನಮ್ಮ ಕರ್ನಾಟಕದ ಸುಕೇಶ್ ಹೆಗ್ಡೆ, ಹೀಗೆ ಕೈ ಕೈ ಸೇರಿಸಿ ಹೊರೆ ಹೊತ್ತರು. ಹೊರಗೆ ನಿಂತು ಆ ತಂಡವನ್ನು ಆಡಿಸಿದವರು 2001ರ ಅರ್ಜುನ ಪ್ರಶಸ್ತಿ ಪಡೆದ ಕನ್ನಡಿಗ ಬಿ. ಸಿ. ರಮೇಶ್. ಹದಿನೆಂಟು ತಂದವನು ಅಂದು ಯಾವ ತಪ್ಪು ಮಾಡಿದ್ದ? ಯಾವ ತಪ್ಪೂ ಇಲ್ಲ. ಆಟಕ್ಕೆ ಅವನ ಹದಿನೆಂಟು ಸಾಲಲಿಲ್ಲ, ಅಷ್ಟೆ.

ಬೆಂಗಳೂರಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ನನ್ನ ಸೋದರಳಿಯ ರಜೆಗೆ ಬಂದಿದ್ದಾಗ ಈ ಸಭೆಯಲ್ಲಿ ಕುಳಿತು, ತಮ್ಮ ಆಟದಲ್ಲಿಯೂ ಇದೇ ಜಗಳ ಅರವತ್ತು ವರ್ಷದಿಂದ ನಡೆದಿದೆಯೆಂದು ಹೇಳಿದ. ಅಮೆರಿಕದ ವಿಲ್ಟ್ ಚೇಂಬರ್ಲಿನ್ ಎಂಬಾತ 1962ರ ಮಾರ್ಚಿಯಲ್ಲಿ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ. ಆ ವರ್ಷ ಅವನ ಸರಾಸರಿಯೇ ಪಂದ್ಯಕ್ಕೆ ಐವತ್ತರ ಮೇಲೆ. ಆದರೆ ಆ ವರ್ಷದ ಶ್ರೇಷ್ಠ ಆಟಗಾರನೆಂದು ಆಟಗಾರರೇ ಮತ ಹಾಕಿ ಆರಿಸಿದ್ದು ಬಿಲ್ ರಸೆಲ್‌ನನ್ನು. ಕಪ್ ಹೋದದ್ದೂ ರಸೆಲ್‌ನ ಬಾಸ್ಟನ್ನಿಗೆ. ಇದಕ್ಕಿಂತ ನನಗೆ ರುಚಿಸಿದ ಸಂಗತಿ ಮುಂದಿನದು. 1966–67ರಲ್ಲಿ ಅದೇ ಚೇಂಬರ್ಲಿನ್ ತಾನು ಎಸೆಯುವುದನ್ನು ಕಡಿಮೆ ಮಾಡಿ ಜೊತೆಯವರಿಗೆ ಚೆಂಡು ಕೊಡತೊಡಗಿದ. ಸರಾಸರಿ ಇಪ್ಪತ್ತನಾಲ್ಕಕ್ಕಿಳಿಯಿತು, ಹಿಂದಿನದರ ಅರ್ಧಕ್ಕೂ ಕಡಿಮೆ. ಅವನು ಮೊದಲ ಬಾರಿಗೆ ಕಪ್ ಎತ್ತಿದ್ದು ಆ ವರ್ಷ. ಡ್ರಿಲ್ ಮೇಷ್ಟ್ರು ಇದನ್ನು ಕೇಳಿ, “ನೂರು ಹೊಡೆದೋನಿಗೇ ಬುದ್ಧಿ ಬಂತಲ್ಲ, ನಮ್ಮ ಕಮಿಟಿಯೋರಿಗೆ ಯಾವಾಗ?” ಎಂದರು.

ಆಲೆಮನೆಯ ಗೌಡರಿಗೆ ಅಮೆರಿಕ ಬೇಕಾಗಿರಲಿಲ್ಲ. ನಾನು ಒಮ್ಮೆ ಮಾತಿಗೆ ಮಾತು ಬಂದು ಅಭಿಮನ್ಯುವಿನ ಹೆಸರೆತ್ತಿದೆ. ಏಳು ಮಂದಿಯ ನಡುವೆ ಒಬ್ಬನೇ ನುಗ್ಗುವವನನ್ನು ಕಂಡಾಗ ಕನ್ನಡ ಮೇಷ್ಟರ ಬಾಯಿಗೆ ಬೇರೆ ಯಾರು ಬಂದಾರು? ಗೌಡರು ತಲೆಯಾಡಿಸಿದರು. “ಅವನು ಮಗ ವೀರ, ಇಲ್ಲ ಅನ್ನಾಕಿಲ್ಲ. ಆದ್ರೆ ರೈಡರ್ ಅಲ್ಲ ಮೇಷ್ಟ್ರೆ. ಬೋನಸ್ ತಗಂಡು ಅಲ್ಲೇ ಸಿಕ್ಕಾಕ್ಕೊಂಡ. ವಾಪಸ್ ಬರಾದು ಕಲ್ತಿರಲಿಲ್ಲ.” ಸಾವಿರ ವರ್ಷದ ಭಾರತ ವ್ಯಾಖ್ಯಾನದಲ್ಲಿ ಈ ದೃಷ್ಟಿ ಯಾರಿಗೂ ಹೊಳೆದಿರಲಾರದು. ಮುಂದಿನ ವರ್ಷ ದ್ರೋಣಪರ್ವ ಪಾಠ ಮಾಡುವಾಗ ಗೌಡರ ಹೆಸರು ಹೇಳದೆ ಇದನ್ನು ಬಳಸಿಕೊಳ್ಳುವ ವಿಚಾರವಿದೆ.

ನನ್ನ ಸ್ವಂತ ಅಭಿಪ್ರಾಯ ಕೇಳುವಿರಾದರೆ, ನಾನು ಡ್ರಿಲ್ ಮೇಷ್ಟ್ರ ಕಡೆ. ಆದರೆ ಅವರಷ್ಟು ಉಗ್ರವಾಗಿ ಅಲ್ಲ. ಬೋನಸ್ ತರುವವನು ಆಟದ ಮೊದಲ ಭಾಗದಲ್ಲಿ ಒಂದೊಂದೇ ಕಾಸು ಕೂಡಿಡುವ ಸಂಸಾರವಂತನ ಹಾಗೆ. ಅವನಿಲ್ಲದಿದ್ದರೆ ಆ ಕೊನೆಯ ನಾಲ್ಕು ನಿಮಿಷಕ್ಕೆ ಎರಡಂಕದ ಮುನ್ನಡೆ ಎಲ್ಲಿಂದ ಬರುತ್ತಿತ್ತು? ಆದರೂ ಏಳು ಮಂದಿ ಬೆನ್ನಿಗಿರುವಾಗ ತಂದ ಅಂಕಕ್ಕೂ ಇಬ್ಬರೇ ಉಳಿದಾಗ ತಂದ ಅಂಕಕ್ಕೂ ಒಂದೇ ಬೆಲೆ ಕಟ್ಟುವುದು ನನ್ನ ಮನಸ್ಸಿಗೆ ಒಗ್ಗದು. ಏಳು ಮಂದಿಯೂ ಒಳಗಿದ್ದಾಗ ಯಾರನ್ನು ಮುಟ್ಟಿ ಬಂದರೂ ಬದುಕಿಸಲು ಹೊರಗೆ ಯಾರೂ ಇಲ್ಲ. ಇಬ್ಬರಿದ್ದಾಗ ಹೊರಗೆ ಐದು ಜನ ಬೆಂಚಿನ ತುದಿಗೆ ಸರಿದು ಕುಳಿತು ಅವನೊಬ್ಬನ ಕಾಲನ್ನೇ ನೋಡುತ್ತಿರುತ್ತಾರೆ. ಆ ಐದು ಜೊತೆ ಕಣ್ಣಿನ ಭಾರವನ್ನು ಹೊತ್ತೂ ಆತುರಪಡದೆ, ಬರಿಗೈಯಲ್ಲಿ ಬರುವುದೇ ಲೇಸೆಂದು ಕಂಡಾಗ ನಾಚದೆ ಬರಿಗೈಯಲ್ಲಿ ಬಂದು, ಬೇಕಾದ ಗಳಿಗೆಯಲ್ಲಿ ಒಬ್ಬನನ್ನು ಎಬ್ಬಿಸುವವನಲ್ಲಿ ಬೇರೆಯದೇ ಒಂದು ಗುಣವಿದೆ. ಬಲ, ವೇಗ, ಉದ್ದನೆಯ ಕಾಲು, ಇವು ಇಬ್ಬರು ಹುಡುಗರಲ್ಲಿಯೂ ಉಂಟು. ಆ ಗುಣ ಒಬ್ಬನಲ್ಲಿ ಹೆಚ್ಚು.

ಈ ಚರ್ಚೆ ಟೀಯೊಂದಿಗೆ ಮುಗಿಯುವುದಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕಬಡ್ಡಿ ಆಡಿದವರನ್ನು ರೈಲ್ವೆ, ಪೊಲೀಸು, ಬ್ಯಾಂಕುಗಳು ಕೆಲಸಕ್ಕೆ ತೆಗೆದುಕೊಳ್ಳುವ ಪದ್ಧತಿ ಹಳೆಯದು. 2012ರ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದ ನಾಯಕಿ, ನಮ್ಮ ಕರಾವಳಿಯ ಮಮತಾ ಪೂಜಾರಿ, ರೈಲ್ವೆಯಲ್ಲಿ ನೌಕರಿ ಹಿಡಿದವರು. ಹಳ್ಳಿಯ ಎಷ್ಟೋ ಮನೆಗಳಲ್ಲಿ ಮಗ ಕಬಡ್ಡಿಗೆ ಹೋದರೆ ಬೈಯದಿರುವುದಕ್ಕೆ ಕಾರಣ ಇದೇ. ಮೊನ್ನೆ ಅಂಥದೊಂದು ಕಚೇರಿಯಿಂದ ಆಯ್ಕೆಯ ಪ್ರಕಟಣೆ ಬಂತು. ಅರ್ಜಿಯ ಜೊತೆಗೆ ಕಾಲೇಜಿನ ಪ್ರಮಾಣಪತ್ರ ಬೇಕು. ಅದರ ನಮೂನೆಯಲ್ಲಿ ಮೂರು ಅಂಕಣ: ಆಡಿದ ಪಂದ್ಯಗಳು, ಗಳಿಸಿದ ಅಂಕಗಳು, ಪಡೆದ ವೈಯಕ್ತಿಕ ಬಹುಮಾನಗಳು. ಇಬ್ಬರು ಹುಡುಗರೂ ಅರ್ಜಿ ಹಾಕಿದ್ದಾರೆ. ಬಟ್ಟಲಿನವನ ಹಾಳೆ ತುಂಬಿತು. ನಾಲ್ಕರವನು ನನ್ನ ಐಚ್ಛಿಕ ಕನ್ನಡ ತರಗತಿಯ ಹುಡುಗ. ತಂದೆಯಿಲ್ಲ, ತಾಯಿ ಕಬ್ಬಿನ ಗದ್ದೆಯ ಕೂಲಿಗೆ ಹೋಗುತ್ತಾರೆ. ಅವನ ಹಾಳೆಯಲ್ಲಿ ಮೂರನೆಯ ಅಂಕಣ ಖಾಲಿ, ಎರಡನೆಯದು ಸಣ್ಣದು.

ಹಾಳೆಯ ಕೆಳಗೆ ‘ಇತರ ವಿವರ’ ಎಂದು ಒಂದೂವರೆ ಸಾಲಿನಷ್ಟು ಜಾಗ ಬಿಟ್ಟಿದ್ದರು. ಪ್ರಾಂಶುಪಾಲರು ಅದನ್ನು ನನ್ನ ಕಡೆ ತಳ್ಳಿ, “ನೀವು ಕನ್ನಡದವರು, ಏನಾದರೂ ಬರೆಯಿರಿ” ಎಂದರು. ‘ಪ್ರತಿಭಾವಂತ’, ‘ಶಿಸ್ತಿನ ಆಟಗಾರ’ ಎಂಬ ಮಾತುಗಳು ಬೆರಳ ತುದಿಗೆ ಬಂದವು. ಅವನ್ನು ಎಷ್ಟು ಹುಡುಗರಿಗೆ ಬರೆದುಕೊಟ್ಟಿದ್ದೇನೋ ಲೆಕ್ಕವಿಲ್ಲ. ಅವು ಸವೆದ ನಾಣ್ಯಗಳು. ಕೊನೆಗೆ, ‘ಅಂತಿಮ ಪಂದ್ಯದ ಕೊನೆಯ ನಾಲ್ಕು ನಿಮಿಷಗಳಲ್ಲಿ ತಂಡದಲ್ಲಿ ಇಬ್ಬರೇ ಉಳಿದಿದ್ದಾಗ, ಈತ ಒಮ್ಮೆಯೂ ಸಿಕ್ಕಿಬೀಳದೆ, ಹೊರಗಿದ್ದವರನ್ನು ಮರಳಿ ಆಟಕ್ಕೆ ತಂದನು’ ಎಂದು ಸಣ್ಣ ಅಕ್ಷರದಲ್ಲಿ ಬರೆದೆ. ಸಾಲು ಅಂಚು ದಾಟಿ ಮುದ್ರೆಯ ಜಾಗಕ್ಕೆ ತಾಗಿತು.

ಡ್ರಿಲ್ ಮೇಷ್ಟ್ರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ಕಬಡ್ಡಿ ಗೊತ್ತಿರೋನ ಕೈಗೆ ಬಿದ್ರೆ ಇಷ್ಟು ಸಾಕು. ಗುಮಾಸ್ತನ ಕೈಗೆ ಬಿದ್ರೆ ಕಷ್ಟ” ಎಂದರು. ಟೀ ಅಂಗಡಿಯ ಹುಡುಗ ಇಣುಕಿ ನೋಡಿ, “ಅಂಕ ಎಷ್ಟು ಅಂತ ದಪ್ಪಗೆ ಬರೀಬೇಕಿತ್ತು ಸಾ” ಎಂದ.

ಅರ್ಜಿ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಗಿದೆ. ಆಯ್ಕೆಯ ಆಟ ಬರುವ ತಿಂಗಳು. ಬೆಳಗಿನ ಜಾವ ಇಬ್ಬರು ಹುಡುಗರೂ ನಾಲೆಯ ಏರಿಯ ಮೇಲೆ ಒಟ್ಟಿಗೇ ಓಡುತ್ತಾರೆ. ಬಟ್ಟಲಿನವನು ಇನ್ನೊಬ್ಬನಿಗೆ ಬೋನಸ್ ಗೆರೆ ದಾಟುವ ಹೆಜ್ಜೆಯನ್ನು ಹೇಳಿಕೊಡುತ್ತಿದ್ದಾನಂತೆ.