ಕೊನೆ ಭಾಗದ ರೇಡಿಯೇಟರ್

ರೇಡಿಯೇಟರ್ ತಣ್ಣಗಿದೆ ಅಂತ ಫೋನ್ ಮಾಡಿದವರನ್ನು ನಾನು ಕೇಳುವುದು ಒಂದೇ ಮಾತು: "ಎಲ್ಲಿ ತಣ್ಣಗಿದೆ?" "ಮ್ಯಾಲಿನ ರೂಮಿನ್ಯಾಗ್ರಿ" ಅನ್ನುತ್ತಾರೆ. ಅದಲ್ಲ ಮಾರಾಯರೇ, ಅದರ ತಲೆ ತಣ್ಣಗಿದೆಯೋ, ಕಾಲು ತಣ್ಣಗಿದೆಯೋ, ಮೈಯೆಲ್ಲ ತಣ್ಣಗಿದೆಯೋ? ಹೋಗಿ ಅಂಗೈ ಇಟ್ಟು ನೋಡಿ ಬನ್ನಿ. ಅಕ್ಟೋಬರಿನ ಕೊನೆಯ ಭಾನುವಾರ ಬ್ರಿಟನ್ನಿನಲ್ಲಿ ಗಡಿಯಾರ ಒಂದು ತಾಸು ಹಿಂದೆ ಹೋಗುತ್ತದೆ. ಲೀಡ್ಸಿನ ನಮ್ಮ ಕನ್ನಡದವರ ಮನೆಗಳಿಂದ ಇಂಥ ಕರೆಗಳು ಬರುವುದೂ ಅದೇ ಹೊತ್ತಿಗೆ. ಹೆಂಡತಿ ಇದನ್ನು ನನ್ನ ಸುಗ್ಗಿ ಅನ್ನುತ್ತಾಳೆ. ಬಾಯ್ಲರಿನ ಮುಚ್ಚಳ ಮಾತ್ರ ನಾನು ಬಿಚ್ಚುವುದಿಲ್ಲ. ಅದು ಗ್ಯಾಸ್ ಸೇಫ್ ನೋಂದಣಿ ಇದ್ದವರ ಕೆಲಸ. ಬೆಂಕಿ ಅವರದು, ನೀರು ನನ್ನದು.

ತಲೆ ತಣ್ಣಗಿದ್ದರೆ ಒಳಗೆ ಗಾಳಿ. ಕೆಳಗೆ ನಡುಮಧ್ಯದಲ್ಲಿ ತಣ್ಣಗಿದ್ದರೆ ಕಪ್ಪು ಕೆಸರು. ಪಕ್ಕದ ಕೋಣೆಯದು ಕೈ ಸುಡುತ್ತಿದ್ದು, ಇದೊಂದೇ ಅಡಿಯಿಂದ ಮುಡಿಯವರೆಗೆ ಹೆಣದ ಹಾಗಿದ್ದರೆ ಸಾಮಾನ್ಯವಾಗಿ ವಾಲ್ವಿನ ಪಿನ್ ಕಚ್ಚಿಕೊಂಡಿರುತ್ತದೆ. ಇಲ್ಲಿ ಒಂದೆರಡು ಚಳಿಗಾಲ ಕಳೆದ ಯಾರಿಗೂ ಇಷ್ಟು ಗೊತ್ತು. ಗೊತ್ತಿದ್ದೂ ಎಲ್ಲದಕ್ಕೂ ಗಾಳಿ ತೆಗೆಯುವ ಒಂದು ಪಂಥವಿದೆ. ಅದರ ಪೀಠಾಧಿಪತಿ ನನ್ನ ಷಡ್ಡಕ.

ಅವನ ಕೀ ಗೊಂಚಲಿನಲ್ಲಿ ಮನೆಯ ಕೀ, ಕಾರಿನ ಕೀ, ಜೊತೆಗೆ ಹಿತ್ತಾಳೆಯ ರೇಡಿಯೇಟರ್ ಕೀ. ಯಾರ ಮನೆಗೆ ಹೋದರೂ ಕೋಟು ಬಿಚ್ಚುವ ಮೊದಲೇ ಒಂದು ಸುತ್ತು ಹಾಕಿ, ಎಲ್ಲದರ ಕಿವಿ ಹಿಂಡಿ, ಸುಂಯ್ ಅನ್ನಿಸಿ ಬರುತ್ತಾನೆ. "ಭಾವಾ, ನಿಮ್ಮನ್ಯಾಗ ಗಾಳಿ ಭಾಳ ಅದ ನೋಡ್ರಿ." ಗಾಳಿ ಹೋದಷ್ಟೂ ಪ್ರೆಷರ್ ಇಳಿಯುತ್ತದೆ. ಮುಳ್ಳು 1 ಬಾರ್‌ಗಿಂತ ಕೆಳಗೆ ಬಂದರೆ ಫಿಲ್ಲಿಂಗ್ ಲೂಪ್ ತಿರುಗಿಸಿ ಹೊಸ ನೀರು ತುಂಬುತ್ತಾನೆ. ಮುಂದಿನ ವಾರ ಮತ್ತೆ ಅದೇ ರೇಡಿಯೇಟರಿನಲ್ಲಿ ಗಾಳಿ. ಮತ್ತೆ ಕೀ, ಮತ್ತೆ ನೀರು.

ಆ ಗಾಳಿ ಎಲ್ಲಿಂದ ಬಂತು ಅಂತ ಒಂದು ಸಲವಾದರೂ ಕೇಳಿಕೊಳ್ಳಬಾರದೇ? ಹೊಸ ನೀರಿನ ಜೊತೆ ಆಮ್ಲಜನಕ ಒಳಗೆ ಹೋಗುತ್ತದೆ, ಉಕ್ಕನ್ನು ತಿನ್ನುತ್ತದೆ. ಆಮ್ಲಜನಕ ಮುಗಿದ ಮೇಲೂ ಕಬ್ಬಿಣ ನೀರಿನ ಜೊತೆ ಸೇರಿ ಮ್ಯಾಗ್ನೆಟೈಟ್, ಅಂದರೆ ಅದೇ ಕಪ್ಪು ಕೆಸರು, ಆಗುತ್ತದೆ, ಪಕ್ಕದಲ್ಲಿ ಹೈಡ್ರೋಜನ್ ಹುಟ್ಟುತ್ತದೆ. ಇವನು ಗಾಳಿ ಅಂತ ಹೊರಗೆ ಬಿಡುವುದು ಎಷ್ಟೋ ಸಲ ಹೈಡ್ರೋಜನ್, ಕಿಡಿ ತಾಕಿದರೆ ಭಗ್ಗನೆ ಹತ್ತಿಕೊಳ್ಳುವಂಥದು. ಈ ದೇಶದಲ್ಲಿ ರೇಡಿಯೇಟರ್ ಹೆಚ್ಚಾಗಿ ಇರುವುದು ಕಿಟಕಿಯ ಕೆಳಗೆ. ದೀಪಾವಳಿಯಲ್ಲಿ ನಾವು ಹಣತೆ ಇಡುವುದು ಅದೇ ಕಿಟಕಿಯ ಕಟ್ಟೆಯ ಮೇಲೆ! ತುಕ್ಕು ತಡೆಯುವ ಇನ್‌ಹಿಬಿಟರ್ ಹಾಕು, ಎಲ್ಲಿ ಸೋರುತ್ತಿದೆ ನೋಡು, ಎಕ್ಸ್‌ಪ್ಯಾನ್ಷನ್ ವೆಸೆಲ್ ನೋಡಿಸು ಅಂತ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಕಾಯಿಲೆಯನ್ನು ಪ್ರತಿ ಭಾನುವಾರ ತಾನೇ ಕೈಯಾರೆ ಬಡಿಸಿ, ನಂತರ ಔಷಧಿ ಕೊಟ್ಟೆ ಅಂತ ಬೀಗುವವರ ಜೊತೆ ಏನು ಮಾತಾಡುವುದು?

ಅವನಿಗಿಂತ ಕೆಟ್ಟವರು ಕೆಸರು ತೊಳೆಯುವ ಪವರ್ ಫ್ಲಷ್ ಮಾರುವವರು. ಮನೆಯೊಳಗೆ ಕಾಲಿಡುತ್ತಲೇ ಕೆಸರು ಅನ್ನುತ್ತಾರೆ, ನೂರಾರು ಪೌಂಡಿನ ಲೆಕ್ಕ ಹೇಳುತ್ತಾರೆ. ಒಂದು ಲೋಟ ನೀರು ತೆಗೆದು ಅಯಸ್ಕಾಂತ ಹಿಡಿದು ನೋಡುವಷ್ಟು ವ್ಯವಧಾನವಿಲ್ಲ. ಕೆಸರು ನಿಜವಾಗಿ ಇದ್ದರೆ ಲೋಟದ ಗೋಡೆಗೆ ಕಪ್ಪು ಮೀಸೆ ಮೂಡುತ್ತದೆ. ಇಲ್ಲವೆಂದರೆ ಮೊದಲು ಪಿನ್ ನೋಡಿ.

ಪಿನ್ನಿನ ಮಾತು ಬಂದರೆ ನನಗೆ ಕೈ ತುರಿಸುತ್ತದೆ. ಥರ್ಮೋಸ್ಟಾಟ್ ಇರುವ ರೇಡಿಯೇಟರ್ ವಾಲ್ವನ್ನು 1943ರಲ್ಲಿ ರೂಪಿಸಿದವರು ಡೆನ್ಮಾರ್ಕಿನ ಮ್ಯಾಡ್ಸ್ ಕ್ಲೌಸೆನ್. ಅದರ ತಲೆಯೊಳಗಿನ ವಸ್ತು ಕೋಣೆ ಬೆಚ್ಚಗಾದಂತೆ ಹಿಗ್ಗಿ ಪಿನ್ನನ್ನು ಒತ್ತುತ್ತದೆ, ನೀರು ನಿಲ್ಲುತ್ತದೆ. ಬೇಸಗೆಯಲ್ಲಿ ತಿಂಗಳುಗಟ್ಟಲೆ ಒತ್ತಿಸಿಕೊಂಡೇ ಇದ್ದ ಪಿನ್ ಚಳಿ ಬಂದಾಗ ಮೇಲೇಳಲು ಒಪ್ಪುವುದಿಲ್ಲ. ಕೆಳಗಿನ ಉಂಗುರವನ್ನು ಕೈಯಲ್ಲೇ ಸಡಿಲಿಸಿ ತಲೆ ತೆಗೆಯಿರಿ. ಪೆನ್ನಿನ ರೀಫಿಲ್ ತುದಿಯಂಥ ಸಣ್ಣ ಕಡ್ಡಿ ಕಾಣುತ್ತದೆ. ಸ್ಪ್ಯಾನರಿನ ಚಪ್ಪಟೆ ಮೈಯಿಂದ ಮೆಲ್ಲಗೆ ಅದುಮಿ, ಬಿಡಿ. ಮೊದಲು ಜಗ್ಗುವುದಿಲ್ಲ. ಪಕ್ಕದ ಹಿತ್ತಾಳೆಗೆ ಹಗುರಾಗಿ ಎರಡೇಟು ಕೊಟ್ಟು ಮತ್ತೆ ಅದುಮಿದರೆ ಟಕ್ ಅಂತ ಮೇಲೆ ಬರುತ್ತದೆ, ಪೈಪಿನೊಳಗೆ ನೀರು ಸರಸರ ಓಡುವುದು ಕೇಳುತ್ತದೆ. ಇಕ್ಕಳದಿಂದ ಹಿಡಿದು ಎಳೆಯುವ ಪರಾಕ್ರಮಿಗಳಿದ್ದಾರೆ. ಪಿನ್ ಕೈಗೆ ಬಂದರೆ ಹಿಂದೆಯೇ ಕರಿನೀರು ಕಾರ್ಪೆಟ್ಟಿಗೆ ಬರುತ್ತದೆ. ಮೇ ತಿಂಗಳಲ್ಲಿ ಬಾಯ್ಲರ್ ಆರಿಸಿದ ದಿನವೇ ಎಲ್ಲ ತಲೆಗಳನ್ನೂ 5ಕ್ಕೆ ತಿರುಗಿಸಿ ಇಟ್ಟರೆ ಈ ತಾಪತ್ರಯವೇ ಬಹಳ ಮಟ್ಟಿಗೆ ತಪ್ಪುತ್ತದೆ.

ಆದರೂ ಇವೆಲ್ಲ ರಿಪೇರಿ. ನನಗೆ ನಿಜವಾದ ಹುಚ್ಚು ಬ್ಯಾಲೆನ್ಸಿಂಗಿನದು. ನಾನು ಮಾನ್ವಿ ಕಡೆಯವನು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲ್ಭಾಗದವರು ಭತ್ತ ಹಚ್ಚಿ ಗದ್ದೆ ತುಂಬಿಸಿಕೊಳ್ಳುವುದನ್ನೂ, ಕೊನೆ ಭಾಗದ ನಾವು ಗೇಜ್ ಕಾಯ್ದುಕೊಳ್ಳಿ ಅಂತ ರಸ್ತೆಗೆ ಇಳಿಯುವುದನ್ನೂ ನೋಡಿ ಬೆಳೆದವನು. ಆ ಕಾಲುವೆಯ ಬಹುಪಾಲು ನೀರನ್ನು ಯೋಜಿಸಿದ್ದು ಅರೆ ನೀರಾವರಿ ಬೆಳೆಗೆ, ಭತ್ತಕ್ಕಲ್ಲ. ಕಾಗದದಲ್ಲಿ ಅದು ಇವತ್ತಿಗೂ ಹಾಗೇ ಇದೆ. ಲೀಡ್ಸಿನ ಮನೆಯ ಪೈಪಿನಲ್ಲೂ ಇದೇ ರಾಜಕೀಯ. ಬಾಯ್ಲರಿಗೆ ಹತ್ತಿರದ ರೇಡಿಯೇಟರ್ ಹೊಟ್ಟೆ ಬಿರಿಯುವಷ್ಟು ಕುಡಿಯುತ್ತದೆ, ಕೊನೆಯದಕ್ಕೆ ಉಗುರುಬೆಚ್ಚಗಿನ ಹನಿ. ಪಂಪಿನ ವೇಗ ಏರಿಸಿದರೆ ಕುಡಿಯುವವನು ಇನ್ನಷ್ಟು ಕುಡಿಯುತ್ತಾನೆ, ಪೈಪು ಬೇರೆ ಗುಂಯ್‌ಗುಡುತ್ತದೆ. ಗೇಟು ಇಳಿಸಬೇಕಾದ್ದು ಮೇಲ್ಭಾಗದಲ್ಲಿ: ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಅಡಗಿರುವ ಲಾಕ್‌ಶೀಲ್ಡ್ ವಾಲ್ವಿನಲ್ಲಿ.

ಮೊದಲು ಮುಚ್ಚಿ, ಆಮೇಲೆ ತೆರೆಯಬೇಕು: ಹತ್ತಿರದ್ದನ್ನು ಕಾಲು ಸುತ್ತು, ನಡುವಿನದನ್ನು ಅರ್ಧ ಸುತ್ತು, ಕೊನೆಯದನ್ನು ಪೂರ್ತಿ. ಅಲ್ಲಿಂದ ಆಟ ಶುರು. ಒಳಬರುವ ಪೈಪಿಗೊಂದು, ಹೊರಹೋಗುವ ಪೈಪಿಗೊಂದು ಥರ್ಮಾಮೀಟರ್ ಕಚ್ಚಿಸಿ, ಕೂದಲೆಳೆಯಷ್ಟು ತಿರುಗಿಸಿ, ಚಹಾ ಕುಡಿದು ಬಂದು ಮತ್ತೆ ನೋಡಬೇಕು. ಹಳಬರ ಲೆಕ್ಕದಲ್ಲಿ ಎರಡರ ನಡುವೆ 11 ಡಿಗ್ರಿ ವ್ಯತ್ಯಾಸ ಸಾಕು. 2005ರಿಂದ ಇಂಗ್ಲೆಂಡಿನಲ್ಲಿ ಹೊಸ ಗ್ಯಾಸ್ ಬಾಯ್ಲರ್ ಬಹುತೇಕ ಕಂಡೆನ್ಸಿಂಗ್ ಆಗಿರಲೇಬೇಕು. ಅದಕ್ಕೆ 20 ಡಿಗ್ರಿ ಒಳ್ಳೆಯದು. ಮರಳಿ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಹೊಗೆಯಲ್ಲಿನ ಆವಿ ನೀರಾಗಿ, ತನ್ನ ಶಾಖವನ್ನು ಬಿಟ್ಟುಕೊಡುತ್ತದೆ. ಬಾಯ್ಲರ್ ಕೂರಿಸಿದವರು ಇದನ್ನೆಲ್ಲ ಮಾಡಿಟ್ಟು ಹೋಗಬೇಕು. ಮಾಡುವವರನ್ನು ನಾನು ಕಂಡಿಲ್ಲ. 80ಕ್ಕೆ ತಿರುಗಿಸಿ, ಸಹಿ ಹಾಕಿ, ವ್ಯಾನ್ ಹತ್ತುತ್ತಾರೆ.

ನಮ್ಮ ಮನೆಯ ಮೇಲ್ಭಾಗದ ರೈತ ಅಂದರೆ ಬಾತ್‌ರೂಮಿನ ಟವೆಲ್ ರೇಲ್. ಕೊನೆ ಭಾಗ ನನ್ನ ಓದುವ ಕೋಣೆ. ಟವೆಲ್ ಸಾಕಷ್ಟು ಬಿಸಿಯಾಗುವುದಿಲ್ಲ ಅಂತ ಮಗಳು ಕದ್ದು ಲಾಕ್‌ಶೀಲ್ಡ್ ತಿರುಗಿಸುತ್ತಾಳೆ. ಒಂದು ತಾಸಿನೊಳಗೆ ನನ್ನ ಕಾಲ್ಬೆರಳಿಗೆ ಸುದ್ದಿ ಮುಟ್ಟುತ್ತದೆ. ಈಗ ಸ್ಪ್ಯಾನರನ್ನು ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದೇನೆ. ಇದು ಸರ್ವಾಧಿಕಾರ ಅಂತ ಬಾತ್‌ರೂಮಿನ ಕಡೆಯವರು ಗೊಣಗುತ್ತಾರೆ. ಗೊಣಗಲಿ, ಭತ್ತ ಹಚ್ಚಲು ಬಿಡುವುದಿಲ್ಲ.