ಹಸೆಗೋಡೆಗೊಂದು ವಿಳಾಸ

ಅರಸಾಳು ದಾಟುವಾಗ ಇನ್ನೂ ಕತ್ತಲು. ಆನಂದಪುರದಲ್ಲಿ ಮಂಜು. ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದಾಗ ಮರಗಳ ನೆತ್ತಿಗೆ ಬೆಳಕು ಹತ್ತುತ್ತಿತ್ತು. ಬೆನ್ನಿಗೊಂದು ಲ್ಯಾಪ್‌ಟಾಪ್ ಚೀಲ ಬಿಟ್ಟರೆ ಬೇರೆ ಹೊರೆ ಇಲ್ಲ. ಬಂದ ಕೆಲಸವೂ ಸಣ್ಣದೇ: ಗೆಳೆಯನ ತಾಯಿ, ಚಿತ್ತಾರ ಬರೆಯುವ ಅಮ್ಮನಿಗೆ ಒಂದು ವೆಬ್‌ಸೈಟ್ ಮಾಡಿಕೊಡುವುದು. ನಾನೇನು ಕಂಪ್ಯೂಟರ್ ಓದಿದವನಲ್ಲ. ‘ಸಣ್ಣ ಪುಟ ತಾನೇ, ಯಾರು ಬೇಕಾದರೂ ಮಾಡಬಹುದು’ ಎಂದು ತಿಳಿದವರು ಹೇಳಿದ್ದರು. ಆ ಮಾತು ನಂಬಿ ರೈಲು ಹತ್ತಿದ್ದೆ.

ಆವಿನಹಳ್ಳಿ ಕಡೆಯ ಬಸ್ಸು ಊರು ಬಿಟ್ಟಿದ್ದೇ ತಡ, ಕಿಟಕಿಯ ಎರಡೂ ಕಡೆ ಹಸಿರು ನುಗ್ಗಿತು. ಆಶ್ವಯುಜದ ದಿನಗಳು, ಬತ್ತದ ಪೈರು ಹೊಡೆ ತುಂಬಿ ನಿಂತಿತ್ತು. ಈ ಸೀಮೆಯ ದೀವರ ಸಮುದಾಯಕ್ಕೆ ಈಗ ಭೂಮಿ ಬಸುರಿ. ಬರುವ ಹುಣ್ಣಿಮೆಯ ನಸುಕಿನಲ್ಲಿ ಅವಳ ಬಯಕೆ ತೀರಿಸಬೇಕು. ಬಗೆಬಗೆಯ ಅಡುಗೆ ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ತುಂಬಿ, ಗದ್ದೆಗೆ ಹೊತ್ತೊಯ್ದು ಬಡಿಸುತ್ತಾರೆ. ಆ ಬುಟ್ಟಿಯ ಹೆಸರು ಭೂಮಣ್ಣಿ ಬುಟ್ಟಿ. ನಾನು ಅಂಗಳಕ್ಕೆ ಕಾಲಿಟ್ಟಾಗ ಅಮ್ಮ ಅದನ್ನೇ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಬಾ ತಮಾ, ಕೈ ಬಿಡೋ ಹಂಗಿಲ್ಲ, ನೀನೇ ಒಳಗೆ ಹೋಗಿ ನೀರು ಕುಡಿ” ಎಂದರು. ನಾನು ಹೋಗಲಿಲ್ಲ. ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟೆ.

ಬುಟ್ಟಿಗೆ ಸಗಣಿ ಬಳಿದು, ಅದರ ಮೇಲೆ ಕೆಮ್ಮಣ್ಣು ಹಚ್ಚಿ ಒಣಗಿಸಿದ್ದರು. ಪಕ್ಕದ ತೆಂಗಿನ ಚಿಪ್ಪಿನಲ್ಲಿ ನೆನೆಸಿ ಅರೆದ ಅಕ್ಕಿಯ ಬಿಳಿ. ಇನ್ನೊಂದರಲ್ಲಿ ಕರಿ ಆಗುವವರೆಗೆ ಹುರಿದು ಅರೆದ ಅಕ್ಕಿಯ ಕಪ್ಪು. ಮತ್ತೊಂದರಲ್ಲಿ ಗುರಿಗೆ ಕಾಯಿಯ ಹಳದಿ. ಕುಂಚ ಎಂದರೆ ಪುಂಡಿ ನಾರಿನ ಒಂದು ಸಣ್ಣ ಎಳೆ. ಅದನ್ನು ಬಿಳಿಯಲ್ಲಿ ಅದ್ದಿ, ತುದಿಯನ್ನು ಬುಟ್ಟಿಗೆ ತಾಗಿಸಿ, ಮೆಲ್ಲಗೆ ಮಲಗಿಸುತ್ತ ಎಳೆಯುತ್ತಾರೆ. ಎಡಗೈಯಲ್ಲಿ ಬುಟ್ಟಿ ತಿರುಗುತ್ತದೆ, ಬಲಗೈ ನಿಂತಲ್ಲೇ ಇರುತ್ತದೆ. ನೋಡನೋಡುತ್ತ ಒಂದು ಗೆರೆ ಬುಟ್ಟಿಯನ್ನು ಪೂರ್ತಿ ಸುತ್ತಿ ಬಂದು ತನ್ನ ಬಾಲವನ್ನೇ ಕೂಡಿಕೊಂಡಿತು. ಎಲ್ಲಿ ಶುರುವಾಗಿತ್ತೆಂದು ಹುಡುಕಿದರೆ ಸಿಗಲೊಲ್ಲದು!

ಒಳಗೆ ಹಸೆಗೋಡೆ ಇತ್ತು. ಮದುಮಕ್ಕಳನ್ನು ಹಸೆಯ ಮೇಲೆ ಕೂರಿಸುವಾಗ ಅವರ ಬೆನ್ನಿಗಿರುವ ಗೋಡೆ. ಗೆಳೆಯನ ಮದುವೆಗೆ ಬರೆದ ಚಿತ್ತಾರ ಅಲ್ಲಲ್ಲಿ ಮಾಸಿದ್ದರೂ ಹಾಗೇ ಉಳಿದಿದೆ. ಹೊರಗೆ ಒತ್ತೊತ್ತಾಗಿ ಓಡುವ ಎಳೆಗಳ ಚೌಕಟ್ಟು, ಅದರೊಳಗೆ ಹೆಣೆದುಕೊಂಡ ಚೌಕ, ತ್ರಿಕೋನಗಳು, ನಡುವೆ ಬೆರಳುದ್ದದ ಇಬ್ಬರು ಮದುಮಕ್ಕಳು. ಅಳತೆಪಟ್ಟಿ ಮುಟ್ಟಿಲ್ಲ, ಪೆನ್ಸಿಲ್ ಗುರುತಿಲ್ಲ. ಎಡದ ಮೂಲೆಯ ಲೆಕ್ಕ ಬಲದ ಮೂಲೆಗೆ ಕೂದಲೆಳೆಯಷ್ಟೂ ತಪ್ಪಿಲ್ಲ. ಶಾಲೆಯಲ್ಲಿ ಕಂಪಾಸು ಹಿಡಿದು ಒದ್ದಾಡಿದ ನಾನು ಗೋಡೆಯ ಮುಂದೆ ಬಾಯಿಬಿಟ್ಟುಕೊಂಡು ನಿಂತೆ. ಅಮ್ಮನಿಗೆ ನನ್ನ ಬೆರಗೇ ತಮಾಷೆ. “ಇನ್ನೊಂದು ಮದುವೆ ಬಂದ್ರೆ ಇದರ ಮೇಲೇ ಕೆಮ್ಮಣ್ಣು ಬಳಿಯೋದು, ಮತ್ತೆ ಬರಿಯೋದು” ಎಂದರು.

ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದೆ. ಬಿ.ಕಾಂ. ಓದುವ ಮೊಮ್ಮಗಳು ಪಕ್ಕ ಕೂತಳು. ಅವಳ ಫೋನಿನಲ್ಲಿ ಅಜ್ಜಿಯ ಕೆಲಸದ ನೂರಾರು ಫೋಟೋ. ಎಲ್ಲವನ್ನೂ ಹಾಕೋಣವೆಂದಳು. ಅಜ್ಜಿ ಒಪ್ಪಲಿಲ್ಲ. ಒಂದೊಂದನ್ನೇ ನೋಡುತ್ತ “ಇದು ಬೇಡ, ಎಳೆ ನಡುಗಿದೆ... ಇದು ಅವಸರದ್ದು... ಇದು ಇರಲಿ” ಎಂದು ಬೆರಳಾಡಿಸಿದರು. ಕೊನೆಗೆ ಉಳಿದದ್ದು ಒಂದು ಹಿಡಿ. ಹೊಸಬರ ಪುಟಕ್ಕೆ ಅಷ್ಟು ಸಾಕು ಎನ್ನುವುದನ್ನು ಯಾವ ತರಬೇತಿಯೂ ಇಲ್ಲದೆ ಅವರು ತೀರ್ಮಾನಿಸಿದ್ದರು. ನೋಡುವವನ ಕಣ್ಣು ಸೋಲುವ ಮೊದಲೇ ಪುಟ ಮುಗಿಯಬೇಕು.

ಉಳಿದ ಚಿತ್ರಗಳಲ್ಲಿ ಕೆಮ್ಮಣ್ಣು ಕೆಮ್ಮಣ್ಣಾಗಿ ಇರಲಿಲ್ಲ. ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದರಲ್ಲಿ ಕಂದು, ಬಿಸಿಲಲ್ಲಿ ತೆಗೆದದ್ದರಲ್ಲಿ ಕಿತ್ತಳೆ. ಮರುದಿನ ಬೆಳಿಗ್ಗೆ ಬುಟ್ಟಿಗಳನ್ನೂ, ಹಲಗೆಯ ಮೇಲೆ ಬರೆದ ಚಿತ್ತಾರಗಳನ್ನೂ ಜಗಲಿಗೆ ತಂದು ನೆರಳಿನಲ್ಲಿಟ್ಟೆವು. ಬಿಳಿ ಹಾಳೆಯೊಂದನ್ನು ಪಕ್ಕದಲ್ಲಿಟ್ಟು, ಆ ಹಾಳೆ ಬಿಳಿಯಾಗಿ ಕಾಣುವವರೆಗೆ ಫೋನಿನ ಬಣ್ಣ ತಿದ್ದಿದೆವು. ಬಿಳಿ ಸರಿಹೋದದ್ದೇ ಮಣ್ಣಿನ ಕೆಂಪು ತಾನಾಗಿ ತನ್ನ ಜಾಗಕ್ಕೆ ಬಂತು. ಒಂದೊಂದು ಫೋಟೋ ನಾಲ್ಕೈದು ಎಂಬಿ ತೂಗುತ್ತಿತ್ತು; ಅಗಲವನ್ನು 1,600 ಪಿಕ್ಸೆಲ್‌ಗೆ ಇಳಿಸಿ ಉಳಿಸಿದರೆ ಮುನ್ನೂರು ಕೆಬಿ ಆಸುಪಾಸಿಗೆ ಬಂತು. ಗೆರೆಯ ಅಂಚು ಮಾತ್ರ ಹಾಗೇ ಉಳಿದಿತ್ತು. ನೆಟ್‌ವರ್ಕ್ ಕುಂಟುವ ಊರುಗಳಲ್ಲೂ ಪುಟ ತೆರೆಯಬೇಕಲ್ಲ!

ನಿಜವಾದ ಬೆರಗು ಇನ್ನೂ ಮುಂದಿತ್ತು. ನಾನು ತೆರೆದದ್ದು ನೋಟ್‌ಪ್ಯಾಡ್. ಅಂಗಡಿ ಲೆಕ್ಕ ಬರೆದಿಡುವಂಥ ಬರೀ ಅಕ್ಷರದ ಕಡತ. ಅದರಲ್ಲಿ ವೆಬ್‌ಪುಟ ಕಟ್ಟುವ ಎಚ್‌ಟಿಎಂಎಲ್ ಭಾಷೆಯ ಗುರುತುಗಳು: ತಲೆಬರಹ ಇಲ್ಲಿ ಶುರು, ಇಲ್ಲಿಗೆ ಮುಗಿಯಿತು, ಚಿತ್ರ ಇಲ್ಲಿ, ಪ್ಯಾರಾ ಇಲ್ಲಿಂದ ಇಲ್ಲಿಗೆ. ಫೋನಿನ ಅಗಲಕ್ಕೆ ಪುಟ ಹೊಂದಿಕೊಳ್ಳಲಿ ಎನ್ನುವ ಒಂದು ಸಾಲು, ಭಾಷೆ ಕನ್ನಡ ಎನ್ನುವ ಇನ್ನೊಂದು. ಕಡತವನ್ನು ‘ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್’ ಎಂಬ ಹೆಸರಲ್ಲಿ ಉಳಿಸಿ, ಬ್ರೌಸರಿನಲ್ಲಿ ತೆರೆದರೆ ಕೆಂಪು ಹಿನ್ನೆಲೆಯ ಪುಟ ಎದ್ದು ನಿಂತಿತು! ಅಮ್ಮ ಕನ್ನಡಕ ಸರಿಮಾಡಿಕೊಂಡು ಅಕ್ಷರಗಳ ಸಾಲನ್ನೊಮ್ಮೆ, ಪುಟವನ್ನೊಮ್ಮೆ ನೋಡಿದರು. “ನಂದೂ ಹಿಂಗೇ ಅಲ್ದಾ? ಮೊದಲು ಹೊರಗಿನ ಎಳೆ ಕಟ್ಟಿ ಮುಚ್ಚಬೇಕು, ಆಮೇಲೆ ಒಳಗಿಂದು” ಎಂದರು.

1989ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ವೆಬ್ಬಿನ ಪ್ರಸ್ತಾವ ಬರೆದದ್ದು ವಿಜ್ಞಾನಿಗಳು ಕಾಗದಪತ್ರ ಹಂಚಿಕೊಳ್ಳಲೆಂದು. 1991ರಲ್ಲಿ ಹೊರಜಗತ್ತಿಗೆ ತೆರೆದುಕೊಂಡ ಮೊದಲ ವೆಬ್‌ಸೈಟಿನಲ್ಲಿ ಇದ್ದದ್ದು ಅಕ್ಷರ ಮತ್ತು ಕೊಂಡಿಗಳು, ಅಷ್ಟೇ. ಅಕ್ಷರದ ನಡುವೆಯೇ ಚಿತ್ರ ತೋರಿಸುವ ಮೊಸಾಯಿಕ್ ಬ್ರೌಸರ್ ಬಂದದ್ದು 1993ರಲ್ಲಿ. ಅದೇ ವರ್ಷ ಏಪ್ರಿಲ್ 30ರಂದು ಸರ್ನ್, ಈ ತಂತ್ರವನ್ನು ಯಾರು ಬೇಕಾದರೂ ಬಳಸಿರಿ, ಕಾಸು ಕೊಡಬೇಕಿಲ್ಲ ಎಂದು ಬಿಟ್ಟುಕೊಟ್ಟಿತು. ಆ ಒಂದು ತೀರ್ಮಾನ ಇಲ್ಲದಿದ್ದರೆ ಸಾಗರ ತಾಲ್ಲೂಕಿನ ಈ ಜಗಲಿಯಲ್ಲಿ ಕೂತು ಯಾರ ಅಪ್ಪಣೆಯೂ ಇಲ್ಲದೆ ಪುಟ ಕಟ್ಟಲು ಆಗುತ್ತಿತ್ತೇ? ದೊಡ್ಡ ದೊಡ್ಡ ಕಂಪನಿಗಳ ಪುಟಗಳ ತಳದಲ್ಲಿರುವುದೂ ಇದೇ ಗುರುತುಗಳು ಎಂದು ನೆನೆದಾಗ ಮೈ ಜುಂ ಎಂದಿತು.

ಚಿತ್ರಗಳ ಹಿಂದೆ ಒಂದೊಂದು ವಿವರಣೆ ಬರೆದಿಡುವ ಜಾಗವಿದೆ. ಕಣ್ಣು ಕಾಣದವರ ಫೋನ್ ಆ ಮಾತನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಇದನ್ನು ಕೇಳಿದ್ದೇ ಅಮ್ಮ ನೆಟ್ಟಗೆ ಕೂತರು. “ಕಣ್ಣಿಲ್ಲದವ್ರಿಗೂ ಹಸೆ ತೋರಿಸಬಹುದನಾ?” ಆಮೇಲೆ ಅವರು ಹೇಳುತ್ತ ಹೋದರು, ಹುಡುಗಿ ಟೈಪ್ ಮಾಡುತ್ತ ಹೋದಳು: ಹೊರಗೆ ಎಷ್ಟು ಎಳೆ, ಯಾವುದು ಬಿಳಿ, ಯಾವುದರ ಪಕ್ಕ ಕಪ್ಪು, ಮದುಮಗಳು ಯಾವ ಕಡೆ. ಯುನಿಕೋಡ್‌ನಲ್ಲಿ ಕುಟ್ಟಿದ್ದರಿಂದ ಬೇರೆ ಫಾಂಟ್ ಹಾಕಿಕೊಳ್ಳದೆಯೇ ಈಗಿನ ಫೋನುಗಳಲ್ಲಿ ಕನ್ನಡ ಕನ್ನಡವಾಗಿಯೇ ಕಾಣುತ್ತದೆ, ಹುಡುಕಿದರೆ ಸಿಗುತ್ತದೆ.

ಹೆಸರು ಹಾಕುವಾಗ ಮಾತ್ರ ತಕರಾರು. “ಹಸೆ ಬರ್ದವ್ರ ಹೆಸರು ಗೋಡೆ ಮೇಲೆ ಯಾರಾದ್ರೂ ಬರೀತಾರಾ?” ಬರೆಯುವುದಿಲ್ಲ, ನಿಜ. ಎಷ್ಟು ತಲೆಮಾರಿನ ಚಿತ್ತಾರಗಿತ್ತಿಯರು ಹೀಗೆ ಹೆಸರಿಲ್ಲದೆ ಬರೆದು, ಕೆಮ್ಮಣ್ಣಿನ ಕೆಳಗೆ ಮುಚ್ಚಿಹೋಗಿದ್ದಾರೋ! ವೆಬ್‌ಸೈಟಿನಿಂದ ಅಮ್ಮನಂಥವರಿಗೆ ಸಿಗುವ ದೊಡ್ಡ ಲಾಭ ಮಾರಾಟಕ್ಕಿಂತ ಇದೇ ಎಂದು ನನಗೆ ಹೊಳೆದದ್ದು ಆಗ: ಇದನ್ನು ಬರೆದವರು ಇಂಥವರು, ಇಂಥ ಕಡೆ ಇದ್ದಾರೆ ಎಂದು ಒಂದು ಕಡೆ ದಾಖಲಾಗುವುದು. ಕೊನೆಗೆ “ನನಗೆ ಕಲಿಸಿದ ನನ್ನವ್ವನ ಹೆಸರೂ ಹಾಕಿದ್ರೆ ನನ್ನದು ಹಾಕು” ಎಂಬ ಷರತ್ತಿನ ಮೇಲೆ ರಾಜಿಯಾಯಿತು. ಕೆಲಸ, ಮಾಡುವ ಬಗೆ, ಮಾಡಿದವರು, ಸಂಪರ್ಕ, ಪುಟದಲ್ಲಿ ಇಷ್ಟೇ. ಮನೆಯ ಫೋನ್ ನಂಬರ್ ಊರಿಗೆಲ್ಲ ಹಂಚುವುದು ಬೇಡವೆಂದು ಬೇರೆ ಸಿಮ್ಮಿನ ವಾಟ್ಸ್‌ಆ್ಯಪ್ ಕೊಂಡಿ ಕೊಟ್ಟೆವು.

‘ಡಾಟ್ ಇನ್’ ಹೆಸರನ್ನು ಬಾಡಿಗೆ ಹಿಡಿಯಲು ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ಇಂಥ ಸರಳ ಪುಟಗಳನ್ನು ಇಟ್ಟುಕೊಳ್ಳಲು ಗಿಟ್‌ಹಬ್ ಪೇಜಸ್‌ನಂಥ ಕಡೆ ಕಾಸಿಲ್ಲದೆ ಜಾಗ ಸಿಗುತ್ತದೆ. ಕಷ್ಟವಾದದ್ದು ಸಿಗ್ನಲ್ಲಿನದು. ಮನೆಯೊಳಗೆ ಒಂದು ಕಡ್ಡಿಯೂ ಬಾರದು. ಅಡಿಕೆ ತೋಟದ ಹಿಂದಿನ ದಿಬ್ಬ ಹತ್ತಿ, ಹುಡುಗಿಯ ಫೋನಿನ ಹಾಟ್‌ಸ್ಪಾಟ್ ಹಿಡಿದು, ಗೇರುಮರದ ಬುಡದಲ್ಲಿ ಕೂತು ಕಡತಗಳನ್ನು ಮೇಲೇರಿಸಿದೆವು. ಕಾಲಿಗೆ ಉಂಬಳ ಹತ್ತಿದ್ದೂ ಗೊತ್ತಾಗಲಿಲ್ಲ. ಹೆಸರು ಮತ್ತು ಜಾಗ ಒಂದಕ್ಕೊಂದು ಹೊಂದಿಕೊಳ್ಳಲು ಒಂದು ರಾತ್ರಿ ಹಿಡಿಯಿತು. ಬೆಳಿಗ್ಗೆ ಮಸ್ಕತ್‌ನಲ್ಲಿರುವ ಗೆಳೆಯನಿಗೆ ಕೊಂಡಿ ಕಳಿಸಿದರೆ, ಅರೆಗಳಿಗೆಯಲ್ಲಿ ಅವನ ಫೋನಿನ ಪರದೆಯ ಚಿತ್ರವೇ ಮರಳಿ ಬಂತು. ಅವನದೇ ಮದುವೆಯ ಹಸೆಗೋಡೆ, ಸಮುದ್ರದಾಚೆ ಅವನ ಅಂಗೈಯಲ್ಲಿ! ಅಮ್ಮ ಆ ಚಿತ್ರವನ್ನು ಮೂಲೆಮೂಲೆಯೂ ಪರೀಕ್ಷಿಸಿ, “ಕೆಂಪು ಅಲ್ಲಿಗೂ ಸರಿಯಾಗೇ ಹೋಗಿದೆ” ಎಂದರು.

ಪುಟ ಮಾಡಿದ ಮಾತ್ರಕ್ಕೆ ಜನ ಬಂದುಬಿಡುವುದಿಲ್ಲ. ಗೂಗಲ್ ಕಣ್ಣಿಗೆ ಬೀಳಲು ದಿನ ಬೇಕು. ಅಷ್ಟರವರೆಗೆ ವಿಳಾಸವನ್ನು ನಾವೇ ಹೊತ್ತು ತಿರುಗಬೇಕು: ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ, ಮಾರುವ ಬುಟ್ಟಿಗೆ ಕಟ್ಟುವ ಚೀಟಿಯ ಕ್ಯೂಆರ್ ಕೋಡಿನಲ್ಲಿ, ಚೌಕಟ್ಟು ಹಾಕಿಸಿದ ಚಿತ್ತಾರದ ಬೆನ್ನಿನಲ್ಲಿ.

ನಾನು ಅಲ್ಲಿಂದ ತಾಳಗುಪ್ಪದ ಮೇಲೆ ಜೋಗಕ್ಕೆ ಹೋದೆ. 253 ಮೀಟರ್ ಆಳಕ್ಕೆ ಧುಮುಕುವ ಶರಾವತಿಯ ಎದುರು ಎಲ್ಲರೂ ಫೋನ್ ಎತ್ತಿ ಹಿಡಿದಿದ್ದರು. ನಾನೂ ತೆಗೆದೆ, ಪುಟ ಹೇಗಿದೆ ನೋಡೋಣವೆಂದು. ಸಂಪರ್ಕದ ಜಾಗದಲ್ಲಿ ನಾನು ಬರೆಯದ ಸಾಲುಗಳು ಕಂಡವು. ಮೈಸೂರಿನ ಯಾರೋ ತಮ್ಮ ಮನೆಗೋಡೆಗೆ ಚಿತ್ತಾರ ಕೇಳಿದ್ದರಂತೆ. ಅಜ್ಜಿ ಕೊಟ್ಟ ಉತ್ತರವನ್ನು ಮೊಮ್ಮಗಳು ಕಡತ ತೆರೆದು ತಾನೇ ಸೇರಿಸಿದ್ದಳು: ‘ಗೋಡೆಗೆ ಬರೆಯಲು ಕೊಯ್ಲು ಮುಗಿದ ಮೇಲೆ ಬರುತ್ತೇವೆ. ಕೆಮ್ಮಣ್ಣು ನಾವೇ ತರುತ್ತೇವೆ. ದಯವಿಟ್ಟು ಗೋಡೆಗೆ ಪೇಂಟ್ ಹೊಡೆಸಬೇಡಿ.’